ಅಂತರ್ಜಾಲದ ಪ್ರೇಮ ವಂಚನೆ: ವ್ಯವಹಾರ ಬಲ್ಲವರೂ ಮೋಸಹೋಗುವುದೇಕೆ?

ಮಾದರಿ ನೋಡದೆ ಸರಕಿಗೆ ಮುಂಗಡ ಕೊಡದ ವರ್ತಕರೂ ಒಮ್ಮೊಮ್ಮೆ ಮುಖ ಕಾಣದ ವ್ಯಕ್ತಿಗೆ ಲಕ್ಷಾಂತರ ರೂಪಾಯಿ ಕಳುಹಿಸಿಬಿಡುತ್ತಾರೆ. ಪ್ರೀತಿ ಅಥವಾ ವಿವಾಹದ ಭರವಸೆ ತೋರಿ ಅಂತರ್ಜಾಲದ ಮೂಲಕ ಹಣ ಕಸಿಯುವ ಈ ವಂಚನೆಯು ಇಂದು ಸಂಘಟಿತ ದಂಧೆಯಾಗಿ ಬೆಳೆದಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 2022ನೇ ಸಾಲಿನಲ್ಲಿ ಸುಮಾರು 70,000 ಮಂದಿ ಇಂತಹ ದೂರು ಸಲ್ಲಿಸಿದ್ದು, ಅವರು ಕಳೆದುಕೊಂಡ ಒಟ್ಟು ಮೊತ್ತ 130 ಕೋಟಿ ಡಾಲರ್. ಅವಮಾನಕ್ಕೆ ಅಂಜಿ ದೂರು ನೀಡದವರು ಈ ಲೆಕ್ಕಕ್ಕೆ ಸೇರಿಲ್ಲ. ಆದುದರಿಂದ ಈ ವಂಚನೆಯ ಕ್ರಮವನ್ನೂ ಅದರ ಹಿಂದಿರುವ ಮನೋಧರ್ಮವನ್ನೂ ಉದ್ಯಮಿಗಳು ಅರಿತಿರುವುದು ಅಗತ್ಯ.

ವಂಚನೆಯ ಹಂತಗಳು

ಮೊದಲನೆಯದು ಪರಿಚಯ. ವಿವಾಹ ಸಂಬಂಧ ಸೂಚಿಸುವ ತಾಣದಲ್ಲೋ ಸಾಮಾಜಿಕ ಜಾಲತಾಣದಲ್ಲೋ ವಿದೇಶದ ವೈದ್ಯ, ಸೇನಾಧಿಕಾರಿ ಅಥವಾ ತೈಲಬಾವಿಯ ಎಂಜಿನಿಯರ್ ಎಂಬ ಹೆಸರಿನಲ್ಲಿ, ಬೇರೊಬ್ಬರ ಭಾವಚಿತ್ರದೊಂದಿಗೆ ಸಂಪರ್ಕ ಆರಂಭವಾಗುತ್ತದೆ. ಎರಡನೆಯದು ವಿಶ್ವಾಸ ಗಳಿಕೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳಿಗ್ಗೆ ಸಂಜೆ ಕುಶಲ ವಿಚಾರಣೆ ನಡೆಯುತ್ತದೆ. ಹಣದ ಮಾತು ಬರುವುದಿಲ್ಲ. ಮೂರನೆಯದು ಬಿಕ್ಕಟ್ಟು. ನಮ್ಮ ದೇಶದಲ್ಲಿ ಇದು ಬಹುಮಟ್ಟಿಗೆ ಉಡುಗೊರೆಯ ರೂಪದಲ್ಲಿ ಬರುತ್ತದೆ. ವಿದೇಶದಿಂದ ಕಳುಹಿಸಿದ ಬೆಲೆಬಾಳುವ ಪಾರ್ಸೆಲ್ ವಿಮಾನ ನಿಲ್ದಾಣದಲ್ಲಿ ತಡೆಹಿಡಿಯಲ್ಪಟ್ಟಿದೆಯೆಂದೂ, ಬಿಡಿಸಿಕೊಳ್ಳಲು ಸುಂಕ ಕಟ್ಟಬೇಕೆಂದೂ ‘ಕಸ್ಟಮ್ಸ್ ಅಧಿಕಾರಿ’ಯೊಬ್ಬರ ದೂರವಾಣಿ ಕರೆ ಬರುತ್ತದೆ. ಕಸ್ಟಮ್ಸ್ ಸುಂಕವು ಸರ್ಕಾರಕ್ಕೆ ಸಂದಾಯವಾಗುವುದೇ ಹೊರತು ಯಾವ ಖಾಸಗಿ ವ್ಯಕ್ತಿಯ ಬ್ಯಾಂಕ್ ಖಾತೆಗೂ ಅಲ್ಲ ಎಂಬುದು ಆಮದುದಾರರಿಗೆ ತಿಳಿದೇ ಇದೆ. ಇಲಾಖೆಯ ಪತ್ರಗಳಿಗೆ 2019ರಿಂದ ದಾಖಲೆ ಗುರುತಿನ ಸಂಖ್ಯೆ ನೀಡಲಾಗುತ್ತಿದ್ದು, ಅದನ್ನು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಇತ್ತೀಚಿನ ಬಗೆಯಲ್ಲಿ ಉಡುಗೊರೆಯ ಸ್ಥಾನವನ್ನು ಹೂಡಿಕೆ ಆಕ್ರಮಿಸಿದೆ. ಆಪ್ತರಾದವರು ಷೇರು ಅಥವಾ ಕ್ರಿಪ್ಟೊ ನಾಣ್ಯದ ನಕಲಿ ಆ್ಯಪ್ ಒಂದನ್ನು ಪರಿಚಯಿಸುತ್ತಾರೆ. ಮೊದಲು ಸಣ್ಣ ಲಾಭವನ್ನು ಹಿಂಪಡೆಯಲು ಬಿಡುತ್ತಾರೆ. ದೊಡ್ಡ ಮೊತ್ತ ಹೂಡಿದ ಮೇಲೆ ‘ತೆರಿಗೆ ಕಟ್ಟಿದರೆ ಮಾತ್ರ ಹಣ ವಾಪಸು’ ಎನ್ನುತ್ತಾರೆ. ಸಂದೇಶ ಬರೆಯುವವರೆಲ್ಲರೂ ಸ್ವಇಚ್ಛೆಯಿಂದ ಬರೆಯುವವರಲ್ಲ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಹಾಗೂ ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿಯನ್ನು ಬಲವಂತವಾಗಿ ಇಂತಹ ಆನ್‌ಲೈನ್ ವಂಚನೆಯ ಕೆಲಸಕ್ಕೆ ತೊಡಗಿಸಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ತಿಳಿಸಿತು.

ಮೋಸಹೋಗುವುದೇಕೆ?

ಅವಿದ್ಯಾವಂತರು ಮಾತ್ರ ಬಲಿಯಾಗುತ್ತಾರೆಂಬ ಭಾವನೆ ಸರಿಯಲ್ಲ. ಈ ವಿಷಯವನ್ನು ಬ್ರಿಟನ್ನಿನಲ್ಲಿ ಅಧ್ಯಯನ ಮಾಡಿದ ಮೋನಿಕಾ ವಿಟ್ಟಿ ಅವರು 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬಲಿಯಾದವರಲ್ಲಿ ಸುಶಿಕ್ಷಿತ ಮಧ್ಯವಯಸ್ಕರು ಹೆಚ್ಚು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು.

ಒಂದು, ಬರಹದ ಮೂಲಕ ಮಾತ್ರ ಬಲ್ಲವರ ಗುಣಗಳಲ್ಲಿ ನಮಗೆ ತಿಳಿಯದ ಭಾಗವನ್ನು ನಮ್ಮ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಎದುರಿಗೆ ಕುಳಿತು ಪಡೆದ ಪರಿಚಯಕ್ಕಿಂತಲೂ ಈ ಪರಿಚಯ ಗಾಢವೆನಿಸಬಹುದೆಂದು ಸಂವಹನ ತಜ್ಞ ಜೋಸೆಫ್ ವಾಲ್ಥರ್ 1996ರಲ್ಲಿಯೇ ವಿವರಿಸಿದರು.

ಎರಡು, ಕಳೆದ ಹಣದ ಸೆಳೆತ. ಹಳೆಯ ಬಾಕಿ ಬಂದೀತೆಂಬ ಆಸೆಯಿಂದ ಬಾಕಿದಾರನಿಗೇ ಮತ್ತೆ ಉದ್ರಿ ಕೊಡುವ ಅಂಗಡಿಯವರ ಸ್ಥಿತಿಯೇ ಇದು. ಹೋದ ಹಣ ಮುಂದಿನ ತೀರ್ಮಾನಕ್ಕೆ ಆಧಾರವಾಗಬಾರದೆಂದು ಲೆಕ್ಕಶಾಸ್ತ್ರ ಹೇಳುತ್ತದೆ, ಮನಸ್ಸು ಒಪ್ಪುವುದಿಲ್ಲ. ‘ಇದೊಂದು ಕಂತು ಕಟ್ಟಿದರೆ ಮುಗಿಯಿತು’ ಎಂಬ ಮಾತು ಇಲ್ಲಿಯೇ ನಾಟುತ್ತದೆ.

ಮೂರು, ಗೋಪ್ಯತೆ. ವ್ಯಾಪಾರದಲ್ಲಿ ಪಾಲುದಾರರು, ಲೆಕ್ಕಪರಿಶೋಧಕರು, ಬ್ಯಾಂಕಿನವರು ಪ್ರಶ್ನೆ ಕೇಳುತ್ತಾರೆ. ಹೃದಯದ ವ್ಯವಹಾರಕ್ಕೆ ಲೆಕ್ಕಪರಿಶೋಧಕರಿಲ್ಲ. ‘ಸದ್ಯಕ್ಕೆ ಯಾರಿಗೂ ಹೇಳಬೇಡಿ’ ಎಂದು ವಂಚಕರು ಕೋರುವುದು ಎರಡನೆಯವರ ಅಭಿಪ್ರಾಯ ಬಾರದಿರಲೆಂದೇ.

ಸಂಸ್ಥೆಗೂ ಅಪಾಯ

ಇದು ವ್ಯಕ್ತಿಗತ ವಿಷಯವೆಂದು ಉದಾಸೀನ ಮಾಡುವಂತಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಹಾರ್ಟ್‌ಲ್ಯಾಂಡ್ ಟ್ರೈ-ಸ್ಟೇಟ್ ಬ್ಯಾಂಕಿನ ಮುಖ್ಯಾಧಿಕಾರಿ ಶಾನ್ ಹೇನ್ಸ್ ಕ್ರಿಪ್ಟೊ ಹೂಡಿಕೆಯ ಜಾಲಕ್ಕೆ ಸಿಲುಕಿ, 2023ರಲ್ಲಿ ತಮ್ಮ ಬ್ಯಾಂಕಿನ 4.71 ಕೋಟಿ ಡಾಲರ್ ಹಣವನ್ನು ವಂಚಕರಿಗೆ ರವಾನಿಸಿದರು. ಚರ್ಚಿನ ಹಾಗೂ ಹೂಡಿಕೆದಾರರ ಸಂಘವೊಂದರ ಹಣವನ್ನೂ ಬಳಸಿದರು. ಅದೇ ವರ್ಷ ಬ್ಯಾಂಕು ಮುಚ್ಚಿತು. 2024ರಲ್ಲಿ ಅವರಿಗೆ 24 ವರ್ಷಕ್ಕೂ ಮೀರಿದ ಕಾರಾಗೃಹ ಶಿಕ್ಷೆಯಾಯಿತು. ಅಲ್ಲಿ ಪ್ರೇಮದ ಮಾತಿರಲಿಲ್ಲವಾದರೂ ನಂಬಿಸಿ, ರುಚಿ ತೋರಿಸಿ, ಬರಿದುಮಾಡುವ ಕ್ರಮ ಒಂದೇ. ಲೆಕ್ಕ ಬಲ್ಲ ಬ್ಯಾಂಕರನೇ ಹೋದ ಹಣದ ಹಿಂದೆ ಪರರ ಹಣವನ್ನೂ ಸುರಿದರೆಂಬುದು ಗಮನಾರ್ಹ.

ಇನ್ನೊಂದು ಅಪಾಯವೆಂದರೆ, ‘ನಿಮ್ಮ ಖಾತೆಗೆ ಬರುವ ಹಣವನ್ನು ಮುಂದಕ್ಕೆ ಕಳುಹಿಸಿ’ ಎಂಬ ಕೋರಿಕೆ. ಒಪ್ಪಿದರೆ ಬೇರೊಬ್ಬರಿಂದ ದೋಚಿದ ಹಣ ನಮ್ಮ ಚಾಲ್ತಿ ಖಾತೆಯಲ್ಲಿ ಹಾದುಹೋಗುತ್ತದೆ. ಖಾತೆ ಸ್ಥಗಿತಗೊಂಡು ವ್ಯಾಪಾರವೇ ನಿಲ್ಲಬಹುದು.

ಪಾಲಿಸಬೇಕಾದ ಕ್ರಮಗಳು

1. ಮುಖತಃ ಭೇಟಿಯಾಗದ ವ್ಯಕ್ತಿಗೆ ಯಾವ ಕಾರಣಕ್ಕೂ ಹಣ ಕಳುಹಿಸತಕ್ಕದ್ದಲ್ಲ.

2. ಸಂಸ್ಥೆಯ ಖಾತೆಯಿಂದ ದೊಡ್ಡ ಮೊತ್ತದ ಪಾವತಿಗೆ ಇಬ್ಬರ ಅನುಮೋದನೆ ಕಡ್ಡಾಯವಿರಲಿ. ಈ ನಿಯಮ ಮಾಲೀಕರಿಗೂ ಅನ್ವಯಿಸಲಿ.

3. ಹಣ ಹೋದುದು ತಿಳಿದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಖಾತೆಯಿಂದ ಖಾತೆಗೆ ಬೇಗ ಸಾಗುವುದರಿಂದ ಮೊದಲ ಕೆಲವು ಗಂಟೆಗಳು ಅಮೂಲ್ಯ. ಸಂದೇಶಗಳನ್ನು ಅಳಿಸಬಾರದು.

4. ಕಳೆದ ಹಣ ಮರಳಿಸುವುದಾಗಿ ಶುಲ್ಕ ಕೇಳುವವರನ್ನು ನಂಬಬಾರದು.

ಕಂಪ್ಯೂಟರ್ ಸಾಧನ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಡಿ ಅನ್ವಯ ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅರ್ಹವಾದ ಅಪರಾಧ. ಆದರೆ ದೂರು ಬಾರದೆ ಕಾನೂನು ಚಲಿಸದು. ಬಲಿಯಾದವರಿಗೆ ಹಣದ ನಷ್ಟದೊಂದಿಗೆ ಆಪ್ತರೊಬ್ಬರನ್ನು ಕಳೆದುಕೊಂಡ ದುಃಖವೂ ಸೇರಿರುತ್ತದೆ. ನಮ್ಮ ಕಚೇರಿಯ ಗುಮಾಸ್ತರೋ ಮನೆಯ ಹಿರಿಯರೋ ಹೀಗೆ ಮೋಸಹೋದಾಗ ನಾವು ನಕ್ಕರೆ, ಅವರು ಬಾಯಿ ಮುಚ್ಚಿಕೊಂಡು ಮುಂದಿನ ಕಂತನ್ನೂ ಕಟ್ಟುತ್ತಾರೆ. ಹಾಸ್ಯ ಮಾಡದೆ ಆಲಿಸುವ ವಾತಾವರಣವನ್ನು ಸದಸ್ಯರು ತಂತಮ್ಮ ಸಂಸ್ಥೆಗಳಲ್ಲಿ ನಿರ್ಮಿಸಿದರೆ, ನಷ್ಟವು ಮೊದಲ ಕಂತಿಗೇ ನಿಲ್ಲುವ ಸಂಭವ ಹೆಚ್ಚು.