ಸಮಚಿತ್ತ

ಆಟವೆಂದ ಮೇಲೆ ಸೋಲು ಗೆಲುವುಗಳು ಇದ್ದೇ ಇರುತ್ತವೆ. ಗೆದ್ದಾಗ ಹಿಗ್ಗುವುದೂ ಸೋತಾಗ ಕುಗ್ಗುವುದೂ ಮನುಷ್ಯಸ್ವಭಾವ. ಆದರೆ ಆ ಹಿಗ್ಗು ಕುಗ್ಗುಗಳು ಮುಂದಿನ ಕೆಲಸವನ್ನು ಕೆಡಿಸದಂತೆ ನೋಡಿಕೊಳ್ಳುವುದು ಅಭ್ಯಾಸದಿಂದ ಬರುವ ಗುಣ. ಇದನ್ನೇ ಹಿರಿಯರು ಸಮಚಿತ್ತವೆಂದು ಕರೆದರು. ಈ ಗುಣದ ಬೆಲೆಯನ್ನು ಇಂಗ್ಲೆಂಡಿನಲ್ಲಿ ಬಹು ಜನಪ್ರಿಯವಾಗಿರುವ ಡಾರ್ಟ್ಸ್ ಎಂಬ ಆಟ ಚೆನ್ನಾಗಿ ತೋರಿಸಿಕೊಡುತ್ತದೆ.

ಡಾರ್ಟ್ ಎಂದರೆ ಕೈಯಿಂದ ಎಸೆಯುವ ಪುಟ್ಟ ಬಾಣ. ಗೋಡೆಗೆ ತೂಗುಹಾಕಿದ ದುಂಡು ಫಲಕವೇ ಅದರ ಗುರಿ. ಫಲಕದ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿರುತ್ತದೆ, ಆಟಗಾರನು 2.37 ಮೀಟರ್ ದೂರದಲ್ಲಿ ನಿಂತು ಎಸೆಯಬೇಕು. ಫಲಕದ ಇಪ್ಪತ್ತು ಭಾಗಗಳಿಗೆ 1ರಿಂದ 20ರವರೆಗೆ ಅಂಕಗಳಿವೆಯಾದರೂ ಅವು ಕ್ರಮವಾಗಿಲ್ಲ. 20ರ ಒಂದು ಪಕ್ಕದಲ್ಲಿ 5, ಇನ್ನೊಂದು ಪಕ್ಕದಲ್ಲಿ 1. ಹಿರಿದನ್ನು ಬಯಸಿದವನ ಕೈ ತುಸು ಅಲುಗಿದರೂ ಕಿರಿದೇ ಗತಿ. ಪ್ರತಿಯೊಬ್ಬನೂ 501 ಅಂಕಗಳಿಂದ ಆರಂಭಿಸಿ, ಸರದಿಗೆ ಮೂರು ಬಾಣಗಳಂತೆ ಎಸೆದು, ಗಳಿಸಿದ್ದನ್ನು ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು. ಕೊನೆಯ ಬಾಣವು ಇಮ್ಮಡಿ ಅಂಕ ಕೊಡುವ ಅಂಚಿನ ಕಿರಿದಾದ ಪಟ್ಟಿಗೆ ಇಲ್ಲವೆ ನಟ್ಟನಡುವಿನ ಬಿಂದುವಿಗೆ ನಾಟಬೇಕು.

ಈ ಆಟದಲ್ಲಿ ಎದುರಾಳಿಯ ಬಾಣವನ್ನು ಯಾರೂ ತಡೆಯುವಂತಿಲ್ಲ. ಅವನು ಎಸೆಯುವಾಗ ನಾವು ಸುಮ್ಮನೆ ನಿಂತು ನೋಡಬೇಕು. ಮನಸ್ಸಿಗೆ ನಿಜವಾದ ಪರೀಕ್ಷೆ ನಡೆಯುವುದು ಆ ಬಿಡುವಿನಲ್ಲೇ. ತಪ್ಪಿಹೋದ ಬಾಣದ ಕೊರಗು, ಎದುರಾಳಿಯ ಮೇಲಣ ಅಸೂಯೆ, ಗೆಲುವು ಹತ್ತಿರವಾದಾಗಿನ ಆತುರ ಇವೆಲ್ಲ ಒಳಗೇ ಬೆಳೆದು ಕೊನೆಗೆ ಕೈಗಿಳಿಯುತ್ತವೆ.

2024ನೆಯ ಇಸವಿ ಜನವರಿ 3ರಂದು ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ನಡೆಯಿತು. ಒಂದು ಕಡೆ ಹದಿನಾರು ವರ್ಷದ ಬಾಲಕ ಲ್ಯೂಕ್ ಲಿಟ್ಲರ್. ಇನ್ನೊಂದು ಕಡೆ ಲ್ಯೂಕ್ ಹಂಫ್ರೀಸ್. ಮೊದಲು ಏಳು ಸೆಟ್‌ಗಳನ್ನು ಗೆದ್ದವರಿಗೆ ಪ್ರಶಸ್ತಿ. ಲಿಟ್ಲರ್ 4–2ರಿಂದ ಮುಂದಿದ್ದನು. ಏಳನೆಯ ಸೆಟ್ಟನ್ನೂ ಗೆಲ್ಲಲು ಅವನಿಗೆ 2ರ ಇಮ್ಮಡಿಯೊಂದು ಸಾಕಾಗಿತ್ತು. ಬಾಣ ಗುರಿ ತಪ್ಪಿತು. ಆ ಸೆಟ್ ಹಂಫ್ರೀಸ್ ಅವರದಾಯಿತು. ಅಲ್ಲಿಂದ ಮುಂದೆ ಅವರು ಒಂದು ಸೆಟ್ಟನ್ನೂ ಬಿಟ್ಟುಕೊಡದೆ 7–4ರಿಂದ ಗೆದ್ದರು.

ಸೋಲಿನ ಅಂಚಿನಲ್ಲಿಯೂ ಕೈ ನಡುಗದ ಈ ಹಂಫ್ರೀಸ್ ಯಾರು? ಕೆಲವು ವರ್ಷಗಳ ಹಿಂದೆ ಪಂದ್ಯದ ವೇದಿಕೆಯ ಮೇಲೆಯೇ ತೀವ್ರ ಆತಂಕಕ್ಕೆ ಗುರಿಯಾಗಿದ್ದವರು. ಆ ದೌರ್ಬಲ್ಯವನ್ನು ಮುಚ್ಚಿಡದೆ ಲೋಕದ ಮುಂದೆ ಹೇಳಿಕೊಂಡವರು. ಸಮಚಿತ್ತವು ಹುಟ್ಟಿನಿಂದಲೇ ಬರಬೇಕಾದುದಲ್ಲ, ಗಳಿಸಿಕೊಳ್ಳಬಹುದಾದುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸೋತ ಬಾಲಕನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಅದೇ ತಿಂಗಳಿನಲ್ಲಿ ಬಹರೇನಿನಲ್ಲಿ ನಡೆದ ಪಂದ್ಯಾವಳಿಯನ್ನು ಅವನು ಗೆದ್ದನು. 2025ರ ಜನವರಿ 3ರಂದು, ಸೋತು ಸರಿಯಾಗಿ ಒಂದು ವರ್ಷ ತುಂಬಿದ ದಿನ, ಅದೇ ವೇದಿಕೆಯಲ್ಲಿ ಮೈಕೆಲ್ ವಾನ್ ಗೆರ್ವೆನ್ ಅವರನ್ನು 7–3ರಿಂದ ಸೋಲಿಸಿ, ಹದಿನೇಳನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ನನಾದನು. ಅಷ್ಟು ಎಳೆಯ ವಯಸ್ಸಿನಲ್ಲಿ ಆ ಪದವಿಗೇರಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ತಪ್ಪಿದ ಒಂದು ಬಾಣಕ್ಕಾಗಿ ಕೊರಗುತ್ತ ಕುಳಿತಿದ್ದರೆ ಆ ದಿನ ಬರುತ್ತಿತ್ತೇ?

ಸಮಚಿತ್ತವೆಂದರೆ ಕಲ್ಲಿನಂತೆ ಇರುವುದಲ್ಲ. ಸೋತಾಗ ನೋವಾಗಲಿ, ಗೆದ್ದಾಗ ಸಂತೋಷವಾಗಲಿ, ತಪ್ಪೇನೂ ಇಲ್ಲ. ಆದರೆ ಎಸೆದ ಬಾಣವನ್ನು ಹಿಂದಕ್ಕೆ ಕರೆಯಲಾಗದು. ಎಸೆಯಬೇಕಾದ ಬಾಣ ಇನ್ನೂ ಕೈಯಲ್ಲಿದೆ. ಹಿಂದಿನದರ ದುಃಖವಾಗಲಿ ಹೆಮ್ಮೆಯಾಗಲಿ ಅದಕ್ಕೆ ಅಂಟಬಾರದು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪಿದ ವಿದ್ಯಾರ್ಥಿಗೂ, ಒಂದು ಬೆಳೆ ಕೈಕೊಟ್ಟ ರೈತನಿಗೂ ಈ ಮಾತು ಸಲ್ಲುತ್ತದೆ. ಸೋತಾಗ ಗೆದ್ದವನ ಕೈ ಕುಲುಕಿ, ಗೆದ್ದಾಗ ಸೋತವನನ್ನು ಗೌರವಿಸಿ, ಮರುದಿನ ಮತ್ತೆ ಗುರಿಯ ಮುಂದೆ ನಿಲ್ಲುವವನೇ ನಿಜವಾದ ಆಟಗಾರ.