ಮುಟ್ಟಬಾರದು, ಮುಟ್ಟಬೇಕಾಗಿಲ್ಲ: ಫ್ರೆಂಚ್ ಗೊತ್ತಿರುವ ಗೆಳೆಯನಿಗೆ ಇಂಗ್ಲಿಷ್ ಪಾಠ

ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ವ್ಯಾಕರಣ ಯಾಕೆ, ಅದೂ ಫ್ರೆಂಚ್ ಮಾತಾಡುವವರಿಗೆ ಕಲಿಸೋದು ಯಾಕೆ ಅಂತ ನೀವು ಕೇಳಬಹುದು. ಕಾರಣ ಒಂದು ಕಿಡಿ. ನಿಜವಾದ ಕಿಡಿ.

ಕಳೆದ ಸೆಮಿಸ್ಟರ್ ಲ್ಯಾಬ್‌ನಲ್ಲಿ ನಾವು ನಾಲ್ಕು ಜನ ಒಂದು ಬ್ಯಾಚ್. ಮೂವರು ಇಲ್ಲಿಯವರು, ನಾಲ್ಕನೆಯವನು ಕಾಂಗೋ ದೇಶದ ಗೆಳೆಯ. ಅವನ ಶಾಲೆಯೆಲ್ಲ ಫ್ರೆಂಚ್ ಮೀಡಿಯಂ. ಅವತ್ತು ರೆಕ್ಟಿಫೈಯರ್ ಪ್ರಯೋಗ. ಸಪ್ಲೈ ಆಫ್ ಮಾಡಿದ ಮೇಲೆ ಅವನು ದೊಡ್ಡ ಕೆಪಾಸಿಟರ್ ತೋರಿಸಿ 'ಯು ಡೋಂಟ್ ಹ್ಯಾವ್ ಟು ಟಚ್ ದಿಸ್' ಅಂದ. ಮುಟ್ಟೋ ಅವಶ್ಯಕತೆ ಇಲ್ಲ, ಅಷ್ಟೇ ತಾನೇ ಅಂದುಕೊಂಡೆವು. ನಮ್ಮಲ್ಲೊಬ್ಬ ವೈರ್ ಬಿಚ್ಚೋಕೆ ಹೋದಾಗ ಸ್ಕ್ರೂಡ್ರೈವರ್ ತುದಿ ಎರಡೂ ಟರ್ಮಿನಲ್‌ಗೆ ತಾಗಿತು. ಟಪ್ ಅಂತ ಕಿಡಿ, ತುದಿ ಕಪ್ಪಾಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಬೆರಳು ಇದ್ದಿದ್ದರೆ ಕಥೆ ಬೇರೆ.

'ನಾನು ಹೇಳಿದ್ದೆನಲ್ಲ' ಅಂತ ಅವನು. 'ನೀನು ಹೇಳಿದ್ದು ಬೇರೆ' ಅಂತ ನಾವು. ಒಂದು ವಾರ ಮಾತಿಲ್ಲ. ಆಮೇಲೆ ಮೆಸ್‌ನಲ್ಲಿ ಕೂತು ಬಿಡಿಸಿ ನೋಡಿದಾಗ ಗೊತ್ತಾಯಿತು, ತಪ್ಪು ಅವನ ಅಜಾಗರೂಕತೆಯದಲ್ಲ, ಎರಡು ಭಾಷೆಗಳ ನಡುವಿನ ಒಂದು ಗುಂಡಿಯದು. ಅವತ್ತಿನಿಂದ ವಾರಕ್ಕೆರಡು ದಿನ ಊಟ ಆದ ಮೇಲೆ ಅವನಿಗೆ ಇಂಗ್ಲಿಷ್ ಹೇಳಿಕೊಟ್ಟೆವು. ಅದರ ಸಾರ ಇಲ್ಲಿದೆ.

ಭಾಗ 1: ಮೋಡಲ್ ಕ್ರಿಯಾಪದಗಳು

ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶಲ್, ಶುಡ್, ವಿಲ್, ವುಡ್. ಇವು ಮುಖ್ಯ ಮೋಡಲ್‌ಗಳು.

ಮೊದಲ ತೊಂದರೆ ರೂಪದ್ದು. ಫ್ರೆಂಚ್‌ನಲ್ಲಿ ಈ ಕೆಲಸ ಮಾಡೋ 'ದವ್ವಾರ್' (ಬೇಕು), 'ಪುವ್ವಾರ್' (ಬಹುದು, ಆಗುತ್ತೆ) ಎರಡೂ ಪೂರ್ತಿ ಕ್ರಿಯಾಪದಗಳು. ನಾನು ಅಂದರೆ 'ಜ ದ್ವಾ', ನಾವು ಅಂದರೆ 'ನು ದವೋಂ', ಅವರು ಅಂದರೆ 'ಇಲ್ ದ್ವಾವ್'. ಭವಿಷ್ಯತ್ಕಾಲಕ್ಕೂ ಬೇರೆ ರೂಪ ಇದೆ. ಹಾಗಾಗಿ ಫ್ರೆಂಚ್‌ನಿಂದ ಬಂದವರು 'ಹಿ ಕ್ಯಾನ್ಸ್', 'ಐ ವಿಲ್ ಕ್ಯಾನ್', 'ಐ ಮಸ್ಟ್ ಟು ಗೋ' ಅಂತ ಬರೆಯೋದು ಸಹಜ. ಇಂಗ್ಲಿಷ್ ಮೋಡಲ್‌ಗೆ ಎಸ್ ಹತ್ತುವುದಿಲ್ಲ, ಮುಂದೆ 'ಟು' ಬರುವುದಿಲ್ಲ, ಎರಡು ಮೋಡಲ್ ಅಕ್ಕಪಕ್ಕ ಕೂರುವುದಿಲ್ಲ. ಭವಿಷ್ಯಕ್ಕೆ 'ಐ ವಿಲ್ ಬಿ ಏಬಲ್ ಟು' ಅನ್ನಬೇಕು.

ಇಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ಕನ್ನಡದ ಕ್ರಿಯಾಪದ ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಅಂತ ಬದಲಾಗುತ್ತೆ. ಆದರೆ 'ಬೇಕು' ಸೇರಿದ ಕೂಡಲೇ ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಯಾರಾದರೂ ಒಂದೇ. 'ಬಹುದು', 'ಬಾರದು' ಕೂಡ ಹಾಗೇ. ಅಂದರೆ ಈ ವಿಷಯದಲ್ಲಿ ಕನ್ನಡ ಇಂಗ್ಲಿಷ್‌ಗೆ ಹತ್ತಿರ! ಹತ್ತು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ಹೊಳೆದೇ ಇರಲಿಲ್ಲ.

ಎರಡನೆಯದು ನಮ್ಮ ಕಿಡಿಯ ಕಥೆ. 'ಯು ಮಸ್ಟ್ ಗೋ', 'ಯು ಹ್ಯಾವ್ ಟು ಗೋ' ಎರಡಕ್ಕೂ ಫ್ರೆಂಚ್‌ನಲ್ಲಿ 'ತ್ಯು ದ್ವಾ' ಸಾಕು. ಹಾಗಾಗಿ ಅವನ ಲೆಕ್ಕದಲ್ಲಿ 'ದ್ವಾ' ಅಂದರೆ 'ಹ್ಯಾವ್ ಟು'. 'ತ್ಯು ನ ದ್ವಾ ಪಾ' ಅಂದರೆ ನಿಷೇಧ, ಮಾಡಬಾರದು. ಅದನ್ನೇ ಇಂಗ್ಲಿಷ್‌ಗೆ ಹಾಕಿದರೆ 'ಯು ಡೋಂಟ್ ಹ್ಯಾವ್ ಟು'. ಲೆಕ್ಕ ಸರಿಯಾಗೇ ಇದೆ, ಉತ್ತರ ಮಾತ್ರ ತಪ್ಪು. ಯಾಕಂದ್ರೆ ಇಂಗ್ಲಿಷ್‌ನಲ್ಲಿ ಇವೆರಡೂ 'ಹೌದು' ಅನ್ನುವಾಗ ಅಕ್ಕಪಕ್ಕ ಇರುತ್ತವೆ, 'ಇಲ್ಲ' ಅನ್ನುವಾಗ ದೂರ ಹೋಗುತ್ತವೆ.

ಯು ಮಸ್ಟ್ ನಾಟ್ ಟಚ್: ಮುಟ್ಟಬಾರದು.
ಯು ಡೋಂಟ್ ಹ್ಯಾವ್ ಟು ಟಚ್: ಮುಟ್ಟಬೇಕಾಗಿಲ್ಲ.

ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ರೂಪ ಇರೋದರಿಂದ ನಮಗೆ ಗೊಂದಲ ಕಡಿಮೆ. ಅವನಿಗೆ ಕೊಟ್ಟ ಉಪಾಯ ಇಷ್ಟು: 'ಅವಶ್ಯಕತೆ ಇಲ್ಲ' ಅಂತ ಹೇಳೋಕೆ ಮಾತ್ರ 'ಡೋಂಟ್ ಹ್ಯಾವ್ ಟು'. ಅಪಾಯ ಇದ್ದರೆ 'ಮಸ್ಟ್ ನಾಟ್', ಇಲ್ಲಾಂದ್ರೆ ನೇರವಾಗಿ 'ಡೋಂಟ್ ಟಚ್'.

ಮೂರನೆಯದು ಭೂತಕಾಲ. 'ಇಲ್ ಆ ದ್ಯು ಪಾರ್ತೀರ್' ಅನ್ನೋ ಒಂದೇ ಫ್ರೆಂಚ್ ವಾಕ್ಯಕ್ಕೆ ಎರಡು ಅರ್ಥ. ಸಂದರ್ಭ ನೋಡಿ ತಿಳಿಯಬೇಕು. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತೆ, ಕನ್ನಡವೂ ಮಾಡುತ್ತೆ.

ಹಿ ಹ್ಯಾಡ್ ಟು ಲೀವ್: ಅವನು ಹೋಗಬೇಕಾಯಿತು.
ಹಿ ಮಸ್ಟ್ ಹ್ಯಾವ್ ಲೆಫ್ಟ್: ಅವನು ಹೋಗಿರಬೇಕು.

ಇದರ ಜೊತೆ ಮೂರನೆಯದೂ ನೆನಪಿಡಿ. ಹಿ ಶುಡ್ ಹ್ಯಾವ್ ಲೆಫ್ಟ್: ಅವನು ಹೋಗಬೇಕಿತ್ತು, ಆದರೆ ಹೋಗಲಿಲ್ಲ. ಫ್ರೆಂಚ್‌ನಲ್ಲಿ ಇದಕ್ಕೆ 'ಇಲ್ ಓರೆ ದ್ಯು' ಅಂತ ಬೇರೆ ರೂಪ ಇದೆ, ಹಾಗಾಗಿ ಅವನಿಗೆ ಇದು ಸುಲಭವಾಯಿತು.

ನಾಲ್ಕನೆಯದು 'ಬರುತ್ತೆ'. ಈಜು ಬರುತ್ತೆ ಅನ್ನೋಕೆ ಫ್ರೆಂಚ್‌ನವರು 'ಗೊತ್ತು' ಅನ್ನೋ ಕ್ರಿಯಾಪದ ಬಳಸುತ್ತಾರೆ, 'ಜ ಸೆ ನಾಜೇ'. ಅದಕ್ಕೇ ಅವರ ಬಾಯಲ್ಲಿ 'ಐ ನೋ ಸ್ವಿಮ್' ಬರುತ್ತೆ. ಇಂಗ್ಲಿಷ್‌ನಲ್ಲಿ ಕಲಿತ ವಿದ್ಯೆಗೂ 'ಕ್ಯಾನ್' ಸಾಕು: 'ಐ ಕ್ಯಾನ್ ಸ್ವಿಮ್'.

ಇದೆಲ್ಲ ಇಂಜಿನಿಯರ್‌ಗೆ ಯಾಕೆ ಬೇಕು?

ನೆಟ್‌ವರ್ಕ್ಸ್ ಓದುವವರಿಗೆ 1997ರ ಆರ್‌ಎಫ್‌ಸಿ 2119 ಗೊತ್ತಿರಬಹುದು. ಇಂಟರ್ನೆಟ್ ಮಾನದಂಡಗಳಲ್ಲಿ ಮೋಡಲ್‌ಗಳಿಗೆ ಏನರ್ಥ ಅಂತ ಅದು ನಿಗದಿ ಮಾಡುತ್ತೆ. 'ಮಸ್ಟ್' ಅಂದರೆ ಕಡ್ಡಾಯ. 'ಮಸ್ಟ್ ನಾಟ್' ಅಂದರೆ ಪೂರ್ತಿ ನಿಷೇಧ. 'ಶುಡ್' ಅಂದರೆ ಸರಿಯಾದ ಕಾರಣ ಇದ್ದರೆ ಬಿಡಬಹುದು, ಆದರೆ ಪರಿಣಾಮ ತೂಗಿ ನೋಡಿರಬೇಕು. 'ಮೇ' ಅಂದರೆ ಐಚ್ಛಿಕ. ಐಎಸ್‌ಒ ದಾಖಲೆಗಳಲ್ಲಿ ಕಡ್ಡಾಯಕ್ಕೆ 'ಶಲ್', ಶಿಫಾರಸಿಗೆ 'ಶುಡ್', ಅನುಮತಿಗೆ 'ಮೇ', ಸಾಧ್ಯತೆಗೆ 'ಕ್ಯಾನ್'. ಅವುಗಳ ಫ್ರೆಂಚ್ ಆವೃತ್ತಿಯಲ್ಲಿ 'ಮೇ', 'ಕ್ಯಾನ್' ಎರಡಕ್ಕೂ 'ಪುವ್ವಾರ್' ಕ್ರಿಯಾಪದದ ಒಂದೇ ರೂಪ ಬರುತ್ತೆ. 'ವಾಲ್ವ್ ತೆರೆಯಬಹುದು' ಅಂದರೆ ತೆರೆಯೋಕೆ ಅನುಮತಿ ಇದೆಯಾ, ಅದಾಗಿಯೇ ತೆರೆದುಕೊಳ್ಳೋ ಸಾಧ್ಯತೆ ಇದೆಯಾ? ನಮ್ಮ 'ಬಹುದು' ಕೂಡ ಅದೇ ಗೊಂದಲ ಮಾಡುತ್ತೆ. ಹಾಗಾಗಿ ಸ್ಪೆಸಿಫಿಕೇಶನ್ ಓದುವಾಗ ಮೋಡಲ್ ಕೆಳಗೆ ಪೆನ್ಸಿಲ್ ಗೆರೆ ಹಾಕೋದು ಒಳ್ಳೆ ಅಭ್ಯಾಸ.

ಭಾಗ 2: ಫ್ರೇಸಲ್ ಕ್ರಿಯಾಪದಗಳು

ಕ್ರಿಯಾಪದದ ಪಕ್ಕ ಅಪ್, ಆಫ್, ಔಟ್ ತರಹದ ಚಿಕ್ಕ ಪದ ಕೂತು ಹೊಸ ಅರ್ಥ ಕೊಟ್ಟರೆ ಅದು ಫ್ರೇಸಲ್ ಕ್ರಿಯಾಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಅಲ್ಲಿ ಬಹಳ ಕಾಲ ಆಳುವವರ ಭಾಷೆಯಾಗಿತ್ತು. ಹಾಗಾಗಿ ಇಂಗ್ಲಿಷ್‌ನಲ್ಲಿ ಒಂದೇ ಕೆಲಸಕ್ಕೆ ಜೋಡಿ ಪದಗಳಿವೆ: ಎಂಟರ್ ಮತ್ತು ಗೋ ಇನ್, ರಿಟರ್ನ್ ಮತ್ತು ಕಮ್ ಬ್ಯಾಕ್, ಕಂಟಿನ್ಯೂ ಮತ್ತು ಕ್ಯಾರಿ ಆನ್, ಅಬ್ಯಾಂಡನ್ ಮತ್ತು ಗಿವ್ ಅಪ್. ಮೊದಲನೆಯದು ಫ್ರೆಂಚ್ ಕಡೆಯಿಂದ ಬಂದದ್ದು. ನಮ್ಮ ಗೆಳೆಯ ಪ್ರತಿ ಸಲ ಅದನ್ನೇ ಆರಿಸುತ್ತಿದ್ದ. 'ಐ ಡಿಸೆಂಡೆಡ್ ಫ್ರಮ್ ದ ಬಸ್' ಅಂದಾಗ ನಾವು ನಕ್ಕೆವು. ನಗಬಾರದಿತ್ತು, ಯಾಕಂದ್ರೆ ನಾವು ಹೇಳೋ 'ಗಾಟ್ ಡೌನ್' ಬ್ರಿಟನ್ನಿನವರಿಗೆ ಅಷ್ಟೇ ವಿಚಿತ್ರ. ಅವರು ಅನ್ನೋದು 'ಗಾಟ್ ಆಫ್'.

ಮೋಸದ ಪದಗಳೂ ಇವೆ. ಒಂದಿನ ಅವನು 'ಐ ಕಾಂಟ್ ಸಪೋರ್ಟ್ ದ ಮೆಸ್ ಫುಡ್' ಅಂದ. ಫ್ರೆಂಚ್ 'ಸ್ಯುಪೋರ್ತೇ' ಅಂದರೆ ಸಹಿಸಿಕೊಳ್ಳು. ಇಂಗ್ಲಿಷ್‌ನಲ್ಲಿ 'ಐ ಕಾಂಟ್ ಪುಟ್ ಅಪ್ ವಿತ್ ಇಟ್' ಆಗಬೇಕು. ವ್ಯಾಕರಣ ಬಿಡಿ, ಅಭಿಪ್ರಾಯಕ್ಕೆ ನಮ್ಮೆಲ್ಲರ ಬೆಂಬಲ ಇತ್ತು.

ಇನ್ನೊಂದು ಆಳದ ಕಾರಣ ಇದೆ. ಇಂಗ್ಲಿಷ್‌ನವರು 'ಹಿ ಸ್ವಾಮ್ ಅಕ್ರಾಸ್ ದ ರಿವರ್' ಅಂತಾರೆ. ಹೇಗೆ ಅನ್ನೋದು ಕ್ರಿಯಾಪದದಲ್ಲಿ, ಎತ್ತ ಅನ್ನೋದು ಚಿಕ್ಕ ಪದದಲ್ಲಿ. ಫ್ರೆಂಚ್‌ನಲ್ಲಿ ಉಲ್ಟಾ: 'ತ್ರಾವೆರ್ಸೇ' ಅಂದರೆ ದಾಟು, ಅದಕ್ಕೆ ಈಜಿನಿಂದ ಅಂತ ಆಮೇಲೆ ಸೇರಿಸುತ್ತಾರೆ. ಕನ್ನಡದಲ್ಲೂ 'ಈಜಿಕೊಂಡು ನದಿ ದಾಟಿದ'. ಇಲ್ಲಿ ನಾವೂ ಫ್ರೆಂಚ್‌ನವರೂ ಒಂದೇ ದೋಣಿಯಲ್ಲಿದ್ದೇವೆ.

ಬಾಯಿಪಾಠ ಮಾಡೋ ಬದಲು ಚಿಕ್ಕ ಪದದ ಗುಣ ಹಿಡಿಯಿರಿ.

ಅಪ್: ಪೂರ್ತಿ ಮುಗಿಸೋದು. ಈಟ್ ಅಪ್, ಯೂಸ್ ಅಪ್, ಫಿಲ್ ಅಪ್.
ಆಫ್: ಕಡಿತ, ಬೇರ್ಪಡೋದು. ಕಟ್ ಆಫ್, ಸ್ವಿಚ್ ಆಫ್.
ಆನ್: ಮುಂದುವರಿಯೋದು. ಗೋ ಆನ್, ಕ್ಯಾರಿ ಆನ್.
ಡೌನ್: ಕಡಿಮೆಯಾಗೋದು, ನಿಲ್ಲೋದು. ಸ್ಲೋ ಡೌನ್, ಶಟ್ ಡೌನ್.

ಎಲ್ಲದಕ್ಕೂ ಇದು ಹೊಂದಲ್ಲ, ಆದರೆ ಊಹೆಗೆ ಸಾಕು.

ಜಾಗದ ನಿಯಮ: 'ಟರ್ನ್ ಆಫ್ ದ ಫ್ಯಾನ್', 'ಟರ್ನ್ ದ ಫ್ಯಾನ್ ಆಫ್' ಎರಡೂ ಸರಿ. 'ಇಟ್' ಬಂದರೆ ಮಾತ್ರ ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಲುಕ್ ಆಫ್ಟರ್' ತರಹದವು ಬಿಡಿಸಿ ಬರಲ್ಲ, ಅಲ್ಲಿ 'ಲುಕ್ ಆಫ್ಟರ್ ಇಟ್'. ಮೇಲ್ ಬರೆಯುವವರಿಗೆ ಇನ್ನೊಂದು: 'ಲುಕ್ ಫಾರ್ವರ್ಡ್ ಟು' ಆದ ಮೇಲೆ 'ಮೀಟ್' ಅಲ್ಲ, 'ಮೀಟಿಂಗ್'.

'ಇಷ್ಟು ಕಷ್ಟ ಯಾವ ಭಾಷೆಯಲ್ಲೂ ಇಲ್ಲ' ಅಂತ ಅವನು ಗೊಣಗಿದ. ಆಗ ನಾವು ನಮ್ಮ 'ಕೈ' ತೋರಿಸಿದೆವು. ಕೈಬಿಡು ಅಂದರೆ ಗಿವ್ ಅಪ್. ಕೈಹಾಕು ಅಂದರೆ ಟೇಕ್ ಅಪ್. ಗೆಳೆಯ ಕೈಕೊಟ್ಟರೆ ಲೆಟ್ ಡೌನ್, ಗಾಡಿ ಕೈಕೊಟ್ಟರೆ ಬ್ರೇಕ್ ಡೌನ್. ಅವನು ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡಿಕೊಂಡ.

ಅಭ್ಯಾಸ (ಇಂಗ್ಲಿಷ್‌ನಲ್ಲಿ ಹೇಳಿ)

1. ನಾಳೆ ನೀನು ಬರಬೇಕಾಗಿಲ್ಲ.
2. ಈ ಬಟನ್ ಒತ್ತಬಾರದು.
3. ಅವಳು ಮರೆತಿರಬೇಕು.
4. ಅದನ್ನು ಆಫ್ ಮಾಡು (ಟರ್ನ್ ಬಳಸಿ).

ಉತ್ತರ: 1. ಯು ಡೋಂಟ್ ಹ್ಯಾವ್ ಟು ಕಮ್ ಟುಮಾರೋ. 2. ಯು ಮಸ್ಟ್ ನಾಟ್ ಪ್ರೆಸ್ ದಿಸ್ ಬಟನ್. 3. ಶಿ ಮಸ್ಟ್ ಹ್ಯಾವ್ ಫರ್ಗಾಟನ್. 4. ಟರ್ನ್ ಇಟ್ ಆಫ್.

ಕೊನೆಗೊಂದು ಮಾತು. ನಿಮ್ಮ ಬ್ಯಾಚ್‌ನಲ್ಲೂ ಬೇರೆ ದೇಶದಿಂದಲೋ ಹಳ್ಳಿಯ ಕನ್ನಡ ಶಾಲೆಯಿಂದಲೋ ಬಂದು ಇಂಗ್ಲಿಷ್‌ಗೆ ತಡಕಾಡುವವರು ಇರುತ್ತಾರೆ. ತಪ್ಪಾಡಿದರೆ ನಗೋ ಮುಂಚೆ ಆ ತಪ್ಪು ಎಲ್ಲಿಂದ ಬಂತು ಅಂತ ಕೇಳಿ. ನಮಗೆ ನಮ್ಮ 'ಬೇಕು', 'ಬಾರದು' ಅರ್ಥವಾಗಿದ್ದು ಹಾಗೆ ಕೇಳಿದ್ದರಿಂದಲೇ. ನಮ್ಮ ಗೆಳೆಯ ಈಗ ಮಸ್ಟ್ ನಾಟ್ ಸರಿಯಾಗೇ ಬಳಸುತ್ತಾನೆ. ಆದರೆ ಲ್ಯಾಬ್‌ನಲ್ಲಿ ಕೆಪಾಸಿಟರ್ ಕಂಡರೆ ಇಂಗ್ಲಿಷೂ ಬೇಡ ಫ್ರೆಂಚೂ ಬೇಡ, ನೇರವಾಗಿ 'ಮುಟ್ಟಬಾರದು' ಅಂತಾನೆ. ನಾವು ಮುಟ್ಟಲ್ಲ.