ಗಾಡಿ ಕಲಿಸಿದ ಪಾಠ

ಓದುವ ಮುನ್ನ ಮಾತಾಡೋಣ: ನಿಮ್ಮ ಮನೆಯಲ್ಲಿ ಮೋಟಾರ್ ಬೈಕು ಇದೆಯೇ? ಅದನ್ನು ಓಡಿಸುವವರು ಯಾರು? ಹಿಂದೆ ಕೂರುವವರು ಯಾರು?

ತಾಳವಾಡಿ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಈಗ 'ಗಾಡಿ' ಎಂದರೆ ಎತ್ತಿನ ಗಾಡಿ ಅಲ್ಲ, ಬೈಕು. ಹೊಲಕ್ಕೆ ಗೊಬ್ಬರ ಒಯ್ಯಲು ಬೈಕು ಬೇಕು. ಸಂತೆಗೆ ಬೆಳ್ಳುಳ್ಳಿ ಚೀಲ ಹಾಕಿಕೊಂಡು ಹೋಗಲು ಬೈಕು ಬೇಕು. ಆಸ್ಪತ್ರೆಗೂ ಬೈಕು, ನೆಂಟರ ಮನೆಗೂ ಬೈಕು. ಓಡಿಸುವುದನ್ನು ಎಲ್ಲರೂ ಕಲಿತಿದ್ದೇವೆ. ಆದರೆ ಸರಿಯಾಗಿ ಕಲಿತಿದ್ದೇವೆಯೇ?

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಕರೆಂಟ್ ಹೋಯಿತು. ಪುಸ್ತಕ ಮುಚ್ಚಿ ಎಲ್ಲರೂ ಜಗಲಿಗೆ ಬಂದು ಕೂತೆವು. ಆಗ ಒಬ್ಬ ಅಣ್ಣ ಕುಂಟುತ್ತಾ ಬಂದರು.

"ಏನಾಯ್ತಣ್ಣ ಕಾಲಿಗೆ?" ಎಂದು ಕೇಳಿದೆ.

"ಏನೂ ಇಲ್ಲ ಬುಡಿ ಮೇಷ್ಟ್ರೆ" ಎಂದರು.

ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು. ಆಮೇಲೆ ಅವರೇ ನಾಚಿಕೆಯಿಂದ ವಿಷಯ ಹೇಳಿದರು. ಅದನ್ನು ಕೇಳಿ ಒಬ್ಬೊಬ್ಬರೇ ತಮ್ಮ ತಮ್ಮ ತಪ್ಪು ಹೇಳತೊಡಗಿದರು. ಅವತ್ತು ನಡೆದ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

1. ಎತ್ತದ ಸ್ಟ್ಯಾಂಡು

ಅಣ್ಣ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ್ದರು. ಟೀ ಕುಡಿದು ಗಾಡಿ ಹತ್ತಿದರು. ಸೈಡ್ ಸ್ಟ್ಯಾಂಡು ಎತ್ತಲು ಮರೆತರು. ಎಡಕ್ಕೆ ತಿರುಗುತ್ತಿದ್ದಂತೆ ಧೊಪ್ಪನೆ ಬಿದ್ದರು. ಅಂಗಡಿಯಲ್ಲಿದ್ದ ಹತ್ತು ಜನ ನೋಡಿದರು.

"ನೋವು ಆಮೇಲೆ ಬಂತು ಮೇಷ್ಟ್ರೆ. ಮೊದಲು ಮಾನ ಹೋಯ್ತು" ಎಂದರು.

ಸೈಡ್ ಸ್ಟ್ಯಾಂಡು ಇರುವುದು ಎಡಗಡೆ. ಎಡಕ್ಕೆ ತಿರುಗುವಾಗ ಗಾಡಿ ಎಡಕ್ಕೆ ವಾಲುತ್ತದೆ. ಕೆಳಗಿರುವ ಸ್ಟ್ಯಾಂಡು ನೆಲಕ್ಕೆ ಬಡಿಯುತ್ತದೆ. ಹಿಂದಿನ ಚಕ್ರದ ಹಿಡಿತ ತಪ್ಪುತ್ತದೆ. ಅದಕ್ಕೇ ಬೀಳುತ್ತೇವೆ.

ಕಲಿತದ್ದು: ಹತ್ತಿದ ಕೂಡಲೇ ಮೊದಲು ಎಡಗಾಲಿನ ಕಡೆ ನೋಡಿ. ಆಮೇಲೆ ಗೇರು ಹಾಕಿ.

2. ಕೆಂಪು ಸ್ವಿಚ್ಚು

ಒಬ್ಬ ತಮ್ಮನ ಗಾಡಿ ದಾರಿಯಲ್ಲಿ ಸ್ಟಾರ್ಟ್ ಆಗಲಿಲ್ಲ. ಕಿಕ್ ಹೊಡೆದು ಹೊಡೆದು ಬೆವರಿದ. ಬಿಸಿಲಲ್ಲಿ ಎರಡು ಕಿಲೋಮೀಟರ್ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದ. ಮೆಕ್ಯಾನಿಕ್ ಏನೂ ಬಿಚ್ಚಲಿಲ್ಲ. ಬಲಗೈ ಹತ್ತಿರ ಇರುವ ಕೆಂಪು ಸ್ವಿಚ್ಚನ್ನು ಒತ್ತಿದರು. ಗಾಡಿ ಸ್ಟಾರ್ಟ್ ಆಯಿತು! ಅದಕ್ಕೂ ಮುಂಚೆ ಯಾರೋ ಮಕ್ಕಳು ಗಾಡಿ ಮೇಲೆ ಆಡುತ್ತಾ ಅದನ್ನು ಆಫ್ ಮಾಡಿದ್ದರು.

"ಎಷ್ಟಣ್ಣ ಕೊಡ್ಲಿ?" ಎಂದು ಕೇಳಿದನಂತೆ. "ದುಡ್ಡು ಬ್ಯಾಡ ಕನಪ್ಪ, ಇನ್ಮೇಲೆ ಕಣ್ಬುಟ್ಟು ನೋಡು" ಎಂದರಂತೆ.

ಕಲಿತದ್ದು: ಗಾಡಿ ಸ್ಟಾರ್ಟ್ ಆಗದಿದ್ದರೆ ಮೂರು ನೋಡಿ. ಕೀ ಆನ್ ಇದೆಯೇ? ಕೆಂಪು ಸ್ವಿಚ್ಚು ಆನ್ ಇದೆಯೇ? ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಹಳೆಯ ಗಾಡಿಯಾದರೆ ಪೆಟ್ರೋಲ್ ನಲ್ಲಿಯನ್ನೂ ನೋಡಿ.

3. ಅಕ್ಕನ ಸೆರಗು

ಗಂಡನ ಹಿಂದೆ ಕೂತು ಹೋಗುತ್ತಿದ್ದ ಒಬ್ಬ ಅಕ್ಕ ಹೇಳಿದ್ದು ಇದು. ಸೆರಗು ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕಿತು. ಹಿಂದಿನಿಂದ ಯಾರೋ ಜಗ್ಗಿದಂತಾಯಿತು. ಅಕ್ಕ ಕೂಗಿದರು. ಗಾಡಿ ನಿಧಾನ ಇತ್ತು, ಗಂಡ ತಕ್ಷಣ ನಿಲ್ಲಿಸಿದರು. ಸೀರೆ ಹರಿಯಿತು, ಜೀವ ಉಳಿಯಿತು.

"ದಾರೀಲಿ ಎಲ್ಲಾರೂ ನಗಾಡುದ್ರು. ನಾನೂ ನಕ್ಕೆ. ಆದ್ರೆ ಆ ರಾತ್ರಿ ನಿದ್ದೆ ಬರ್ನಿಲ್ಲ" ಎಂದರು ಅಕ್ಕ.

ನಾವು ಯಾರೂ ನಗಲಿಲ್ಲ.

ಕಲಿತದ್ದು: ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರಿ. ದುಪ್ಪಟ್ಟ, ಟವೆಲ್ಲು, ಚೀಲದ ಹಗ್ಗ ಯಾವುದೂ ಜೋತಾಡಬಾರದು. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಇರಲಿ. ಅದನ್ನು ಬಿಚ್ಚಿಸಬೇಡಿ.

4. ನನ್ನ ತಪ್ಪು

ಎಲ್ಲರೂ ನನ್ನ ಕಡೆ ತಿರುಗಿದರು. "ನಿಮ್ಮದೂ ಒಂದು ಹೇಳಿ ಮೇಷ್ಟ್ರೆ" ಎಂದರು. ನನಗೆ ಗಂಟಲು ಒಣಗಿತು. ನಾನು ಅದುವರೆಗೆ ಯಾರಿಗೂ ನಿಜ ಹೇಳಿರಲಿಲ್ಲ. ಅವತ್ತು ಹೇಳಿದೆ.

ಅವ್ವನನ್ನು ಬಣ್ಣಾರಿ ಗುಡಿಗೆ ಕರೆದುಕೊಂಡು ಹೊರಟಿದ್ದೆ. ದಿಂಬಂ ಘಾಟಿ ಇಳಿಯಬೇಕು. ಅಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಇಳಿಜಾರು ತಾನೇ ಎಂದು ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿದೆ. ಗಾಡಿ ತಾನಾಗಿಯೇ ಇಳಿಯುತ್ತಿತ್ತು. ಖುಷಿಯಾಯಿತು. ಬ್ರೇಕನ್ನು ಒತ್ತಿಕೊಂಡೇ ಇದ್ದೆ. ಕೆಲವು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಒಂದು ಲಾರಿ ಹತ್ತಿ ಬರುತ್ತಿತ್ತು. ಬ್ರೇಕು ಒತ್ತಿದೆ. ಹಿಡಿಯಲಿಲ್ಲ! ಗುಡ್ಡದ ಕಡೆಯ ಚರಂಡಿಗೆ ಗಾಡಿ ತಿರುಗಿಸಿದೆ. ಇಬ್ಬರೂ ಬಿದ್ದೆವು.

ಅವ್ವನ ಎರಡೂ ಅಂಗೈ ತರಚಿತ್ತು. ತಲೆ ಕಲ್ಲಿಗೆ ಬಡಿಯಲು ಒಂದು ಗೇಣು ಬಾಕಿ ಇತ್ತು. ಅವ್ವನಿಗೆ ಹೆಲ್ಮೆಟ್ ಇರಲಿಲ್ಲ. ನನ್ನ ಹೆಲ್ಮೆಟ್ ಮಿರರ್‌ಗೆ ನೇತು ಹಾಕಿದ್ದೆ. ಅದರ ಹಿಂದಿನ ತಿಂಗಳೇ ಕೇಂದ್ರದಲ್ಲಿ ಹೆಲ್ಮೆಟ್ ಪಾಠ ಮಾಡಿದವನು ನಾನು!

ಅವ್ವ ಬೈಯಲಿಲ್ಲ. ಕೈಯ ಮಣ್ಣು ಒರೆಸಿಕೊಂಡು ಒಂದೇ ಮಾತು ಕೇಳಿದರು: "ಎಷ್ಟು ರೂಪಾಯಿ ಉಳೀತು ಮಗ?"

ಊರಲ್ಲಿ "ಮರಳಿನ ಮೇಲೆ ಜಾರಿತು" ಎಂದು ಸುಳ್ಳು ಹೇಳಿದೆ. ನಾಚಿಕೆಗೆ ತಪ್ಪು ಮುಚ್ಚಿಟ್ಟೆ. ನಾನು ಮುಚ್ಚಿಟ್ಟ ಮೇಲೆ ಇನ್ನೊಬ್ಬರು ಅದೇ ತಪ್ಪು ಮಾಡಿದ್ದರೆ? ಆ ಪಾಪ ಯಾರಿಗೆ? ಅದಕ್ಕೇ ಅವತ್ತು ಹೇಳಿಬಿಟ್ಟೆ.

ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇಬ್ಬರು ಮೆಲ್ಲಗೆ ಹೇಳಿದರು: "ನಾವೂ ಹಂಗೇ ಇಳೀತೀವಿ ಮೇಷ್ಟ್ರೆ. ಇನ್ಮೇಲೆ ಇಲ್ಲ."

ಏಕೆ ಹೀಗಾಯಿತು?

ಇಂಜಿನ್ ಆನ್ ಇದ್ದು, ಗಾಡಿ ಗೇರಿನಲ್ಲಿದ್ದರೆ ಇಂಜಿನ್ನೇ ಚಕ್ರವನ್ನು ಹಿಡಿದು ನಿಧಾನ ಮಾಡುತ್ತದೆ. ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿದರೆ ಎಲ್ಲಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಒತ್ತಿಕೊಂಡೇ ಇದ್ದರೆ ಬ್ರೇಕು ಕಾಯುತ್ತದೆ. ಕಾದ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ.

ಘಾಟಿಯಲ್ಲಿ ನೆನಪಿಡಿ:

• ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.
• ತಿರುವಿಗೆ ಮುಂಚೆಯೇ ವೇಗ ಇಳಿಸಿ. ತಿರುವಿನ ಒಳಗೆ ಬ್ರೇಕು ಜೋರಾಗಿ ಒತ್ತಬೇಡಿ.
• ಮುಂದಿನ ಮತ್ತು ಹಿಂದಿನ ಬ್ರೇಕು ಎರಡನ್ನೂ ಜೊತೆಯಾಗಿ ಬಳಸಿ. ಮರಳು, ಜಲ್ಲಿ ಇರುವಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಗಾಡಿ ಜಾರುತ್ತದೆ.
• ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ಲಾರಿ, ಬಸ್ಸಿಗೆ ತಿರುಗಲು ಜಾಗ ಹೆಚ್ಚು ಬೇಕು.
• ಇದು ಹುಲಿ, ಆನೆಗಳಿರುವ ಕಾಡು. ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಹೊಡೆಯಬೇಡಿ.

ಬೋರ್ಡು ಓದೋಣ

ನಮ್ಮ ಕಡೆ ರಸ್ತೆ ಬೋರ್ಡುಗಳಲ್ಲಿ ತಮಿಳು ಅಕ್ಷರ ಇರುತ್ತದೆ. ಕನ್ನಡ ಮಾತ್ರ ಕಲಿತವರು ಹೆದರಬೇಕಿಲ್ಲ. ಚಿಹ್ನೆಗೆ ಭಾಷೆ ಇಲ್ಲ. ಆಕಾರ ನೋಡಿ:

ತ್ರಿಕೋನ – ಎಚ್ಚರಿಕೆ. ಮುಂದೆ ತಿರುವು ಇದೆ, ಹಂಪು ಇದೆ ಎಂದು ಹೇಳುತ್ತದೆ.
ವೃತ್ತ – ಆಜ್ಞೆ. ಪಾಲಿಸಲೇಬೇಕು.
ಆಯತ – ಮಾಹಿತಿ. ಆಸ್ಪತ್ರೆ, ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ತಿಳಿಸುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯಂತೆ ಓಡಿಸುವವರೂ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಬೇಕು. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅದರಂತೆ ಹೆಲ್ಮೆಟ್ ಇಲ್ಲದಿದ್ದರೆ 1000 ರೂಪಾಯಿ ದಂಡ. 3 ತಿಂಗಳು ಲೈಸೆನ್ಸ್ ಅಮಾನತು ಕೂಡ ಆಗಬಹುದು. ಬೈಕಿನಲ್ಲಿ ಇಬ್ಬರೇ ಹೋಗಬೇಕು. ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಗಲ್ಲದ ಪಟ್ಟಿ ಕಟ್ಟದಿದ್ದರೆ ಹೆಲ್ಮೆಟ್ ಇದ್ದೂ ಇಲ್ಲದಂತೆ.

ಆದರೆ ದಂಡಕ್ಕೆ ಹೆದರಿ ಹಾಕಬೇಡಿ. ಮನೆಯಲ್ಲಿ ಕಾಯುವವರನ್ನು ನೆನೆದು ಹಾಕಿ. ಈಗ ನಮ್ಮ ಮನೆಯಲ್ಲಿ ಎರಡು ಹೆಲ್ಮೆಟ್ ಇವೆ. ಒಂದು ನನ್ನದು, ಒಂದು ಅವ್ವನದು.

ಅಭ್ಯಾಸ

ಅ) ಉತ್ತರ ಹೇಳಿ
1. ಸೈಡ್ ಸ್ಟ್ಯಾಂಡು ಎತ್ತದಿದ್ದರೆ ಯಾವ ಕಡೆ ತಿರುಗುವಾಗ ಬೀಳುತ್ತೇವೆ? ಏಕೆ?
2. ಅವ್ವ ಕೇಳಿದ ಪ್ರಶ್ನೆ ಯಾವುದು? ಅದಕ್ಕೆ ನೀವು ಏನು ಉತ್ತರ ಕೊಡುತ್ತೀರಿ?

ಆ) ಬಿಟ್ಟ ಜಾಗ ತುಂಬಿ
1. ದಿಂಬಂ ಘಾಟಿಯಲ್ಲಿ ______ ಹೇರ್‌ಪಿನ್ ತಿರುವುಗಳಿವೆ.
2. ತ್ರಿಕೋನದ ಬೋರ್ಡು ______ ಕೊಡುತ್ತದೆ.

ಇ) ಒತ್ತಕ್ಷರ ಗುರುತಿಸಿ, ಎರಡು ಸಲ ಬರೆಯಿರಿ
ತಪ್ಪು, ಚಕ್ರ, ವೃತ್ತ, ಎಚ್ಚರಿಕೆ, ಪೆಟ್ರೋಲ್

ಈ) ನೀವೇ ಬರೆಯಿರಿ
ನಿಮ್ಮಿಂದ ಆದ ಒಂದು ತಪ್ಪನ್ನು ಮೂರು ವಾಕ್ಯದಲ್ಲಿ ಬರೆಯಿರಿ. ಕೇಂದ್ರದಲ್ಲಿ ಎಲ್ಲರ ಮುಂದೆ ಓದಿ. ನಾಚಿಕೆ ಬೇಡ. ನಿಮ್ಮ ತಪ್ಪು ಇನ್ನೊಬ್ಬರ ಜೀವ ಉಳಿಸಬಹುದು.